ಹೇಳು ಅಂದ್ರೆ ಏಳು

ಅಲ್ಲ ಕಣೇ ಚಿನ್ನು, ಹಾಲು ಹೆಂಗೆ ಮೊಸರಾಗ್ತದೆ ಅಂತ ಹೇಳೋಕೆ ಎದ್ದು ನಿಂತು ‘ಆಲು’ ಅಂದ್ಬಿಟ್ಟೆ, ಕ್ಲಾಸೆಲ್ಲ ನಕ್ತು, ನಾಳೆ ಸ್ಕೂಲಿಗೆ ಹೋಗಲ್ಲ ಅಂತ ಮೂತಿ ಊದಿಸ್ಕೊಂಡು ಕೂತಿದೀಯಲ್ಲ, ಈ ನಿಮ್ಮಜ್ಜಿ ಇದೇ ಹಕಾರಕ್ಕೆ ಕೆಲಸಾನೇ ಕಳ್ಕೊಳ್ಳೋಳಿದ್ಲು, ಗೊತ್ತಾ? ನಗ್ಬೇಡ. ಈ ಬಂಗಾರಪೇಟೆ ಪಾತ್ರೆ ಅಂಗಡಿ ಎಲ್ಲ ಆಮೇಲಿಂದು. ಅದಕ್ಕೆ ಮುಂಚೆ ನಾನು ಮೇಷ್ಟ್ರು. ಮೇಷ್ಟ್ರು ಅಂದ್ರೆ, ಮಿಸ್ಸು. ಉರಿಗಾಂನಲ್ಲಿ ಒಂದು ಪುಟ್ಟ ಸ್ಕೂಲು, ಒಂದನೇ ಕ್ಲಾಸು ಎರಡನೇ ಕ್ಲಾಸು ಎರಡೂ ಒಂದೇ ರೂಮಲ್ಲಿ. ಚಿನ್ನದ ಗಣಿ ಮುಚ್ಚಿದ ಕಾಲ ಅದು. ನಿಮ್ಮ ತಾತ ಗಣಿ ಕೆಲಸ ಹೋದ್ಮೇಲೆ ಜಗಲಿ ಮೇಲೆ ಕೂತು ಬೀದಿ ನೋಡೋರು, ಎದುರು ಜಗಲಿಯವರು ಇವರನ್ನ ನೋಡೋರು, ಹಿಂಗೇ ಬೀದಿಗೆ ಬೀದೀನೇ ಒಬ್ಬರನ್ನೊಬ್ಬರು ನೋಡ್ಕೊಂಡು ಕೂತಿತ್ತು. ನಾನು ಮದುವೆಗೆ ಮುಂಚೆ ಟೀಚರ್ ಟ್ರೈನಿಂಗ್ ಮಾಡಿ, ಆ ಸರ್ಟಿಫಿಕೇಟನ್ನ ಟ್ರಂಕಲ್ಲಿ ಸೀರೆಗಳ ಕೆಳಗೆ ಹಾಕಿದ್ನಲ್ಲ, ತೆಗೆದೆ. ಒಂದು ವರ್ಷಕ್ಕೆ ಅಂತ ಕೆಲಸ ಕೊಟ್ರು. ಮಾರ್ಚಲ್ಲಿ ಆಫೀಸರು ಬಂದು ಮಕ್ಕಳನ್ನ ಪ್ರಶ್ನೆ ಕೇಳ್ತಾರೆ, ಮಕ್ಕಳು ಸರಿಯಾಗಿ ಹೇಳಿದ್ರೆ ಮುಂದಿನ ವರ್ಷವೂ ಉಂಟು, ಇಲ್ಲಾಂದ್ರೆ ಮನೆ. ಮನೇಲಿ ಆಗ್ಲೇ ಒಬ್ಬರು ಕೂತಿದ್ರು, ಇನ್ನೊಬ್ಬರಿಗೆ ಜಾಗ ಇರ್ಲಿಲ್ಲ.

ಜೂನಲ್ಲಿ ಹೋಗಿ ನೋಡಿದ್ರೆ ಮಕ್ಕಳಿಗೆ ಮನೇಲಿ ತಮಿಳು, ಕೆಲವಕ್ಕೆ ತೆಲುಗು, ಕನ್ನಡ ಅನ್ನೋದು ನನ್ನ ಬಾಯಲ್ಲಿ ಮಾತ್ರ. ಒಂದು ಬಿಸ್ಕೆಟ್ ಡಬ್ಬದ ತುಂಬ ಒಣಗಿದ ಅವರೆಕಾಳು ತಗೊಂಡು ಹೋದೆ. ಬಳಪ ಮುರೀತದೆ, ಅವರೆಕಾಳು ಮುರಿಯಲ್ಲ ನೋಡು. ಎಣಿಸೋದು, ಕೂಡೋದು, ಕಳೆಯೋದು, ಎಲ್ಲಾ ಅದರಲ್ಲೇ. ಮಳೆ ಬಿದ್ದಾಗ ತೆಂಗಿನ ಚಿಪ್ಪಲ್ಲಿ ಮಣ್ಣು ಹಾಕಿಸಿ ಅದನ್ನೇ ಬಿತ್ತಿಸಿದೆ, ಪಾಠವೂ ಆಯ್ತು. ಆಗಸ್ಟಲ್ಲಿ ಬಾವುಟಕ್ಕೆ ಬಣ್ಣ ತುಂಬೋದು, ಗಣಪತಿ ಹಬ್ಬಕ್ಕೆ ಜೇಡಿಮಣ್ಣಲ್ಲಿ ಇಲಿ ಮಾಡೋದು, ಎಲ್ಲವೂ ಹಂದಿ ಥರ ಇದ್ವು ಬಿಡು. ದಸರಾ ರಜ ಮುಗಿಯೋ ಹೊತ್ತಿಗೆ ಅವರೆ ಬಳ್ಳಿ ಕಿಟಕಿ ಕಂಬಿ ಹಿಡಿದಿತ್ತು. ಎರಡನೇ ಕ್ಲಾಸಲ್ಲಿ ಸೆಲ್ವಿ ಅಂತ ಒಂದು ಹುಡುಗಿ, ಮುಂದಿನ ಹಲ್ಲೆರಡೂ ಇಲ್ಲ, ಲೆಕ್ಕ ಕೇಳಿ ಮುಗಿಸೋದ್ರೊಳಗೆ ಡಬ್ಬಕ್ಕೆ ಕೈ ಹಾಕಿ ಸರಿಯಾಗಿ ಅಷ್ಟೇ ಕಾಳು ತಂದು ನನ್ನ ಅಂಗೈಲಿ ಇಡೋಳು. ಬಾಯಿ ಮಾತ್ರ ತೆಗೀತಿರ್ಲಿಲ್ಲ. ನಾನೂ ಬಿಟ್ಟಿದ್ದೆ. ಮಾಲು ಸರಿಯಾಗಿ ಬರ್ತಿರೋವಾಗ ಮಾತು ಯಾಕೆ?

ಎಡವಟ್ಟಾಗಿದ್ದು ನವೆಂಬರಲ್ಲಿ, ರಾಜ್ಯೋತ್ಸವಕ್ಕೆ. ನಮ್ಮ ಹುಡುಗ ಒಬ್ಬ ವೇದಿಕೆ ಹತ್ತಿ, ‘ಹಸುವಿನ ಹಾಲು ಹಿತ’ ಅನ್ನೋ ಬದಲು, ‘ಅಸುವಿನ ಆಲು ಇತ’ ಅಂತ ಜೋರಾಗಿ ಕೂಗಿದ. ಮುಂದೆ ಕೂತ ತೆಲುಗಿನ ಹೆಂಗಸರು ಬಾಯಿಗೆ ಸೆರಗು ಅಡ್ಡ ಇಟ್ಕೊಂಡ್ರು, ಅವರ ಮಾತಲ್ಲಿ ಆಲು ಅಂದ್ರೆ ಹೆಂಡ್ತಿ! ಹೆಡ್ಮಾಸ್ಟ್ರು ನನ್ನ ಪಕ್ಕಕ್ಕೆ ಕರೆದ್ರು. ‘ಏನ್ ಮೇಡಂ, ಮಕ್ಕಳಿಗೆ ಹಕಾರಾನೇ ಇಲ್ವಲ್ಲ?’ ‘ಅಂಗೇನಿಲ್ಲ ಸಾರ್, ಏಳ್ಕೊಡ್ತೀನಿ’ ಅಂದೆ. ಅವರು ನನ್ನ ಮುಖಾನೇ ನೋಡಿದ್ರು. ‘ಓಹೋ, ಊಟೆ ಇಲ್ಲೇ ಇದೆ’ ಅಂದ್ರು. ಊಟೆ ಅಂದ್ರೆ ನೀರಿನ ಬುಗ್ಗೆ ಕಣೇ, ಈ ತಪ್ಪು ಎಲ್ಲಿಂದ ಹರಿದು ಬರ್ತಿದೆ ಅಂತ ಅವರಿಗೆ ಗೊತ್ತಾಯ್ತು. ‘ಮಾರ್ಚೊಳಗೆ ಸರಿ ಮಾಡಿ, ಬರೋ ಆಫೀಸರು ಧಾರವಾಡದ ಕಡೆಯೋರು, ಭಾಷೆ ವಿಷಯದಲ್ಲಿ ಬಿಡೋರಲ್ಲ.’

ಆವತ್ತಿಂದ ನಾನು ಬಿಡ್ಲಿಲ್ಲ. ಕಾಗದದ ಚೂರನ್ನ ಬಾಯಿ ಮುಂದೆ ಹಿಡಿಯೋದು, ಹ ಅಂದ್ರೆ ಕಾಗದ ಹಾರ್ಬೇಕು. ಮೊದಲು ನಾನು ಕಲ್ತೆ, ಮನೇಲಿ, ನಿಮ್ಮ ತಾತನ ಮುಂದೆ. ‘ಏನೇ ಇದು, ಉಬ್ಬಸವಾ?’ ಅಂದ್ರು. ಆಮೇಲೆ ಮಕ್ಕಳಿಗೆ. ಹಸು, ಹಾರಿತು. ಹಾಲು, ಹಾರಿತು. ಮಕ್ಕಳಿಗೆ ಆಟ ಎಷ್ಟು ಹಿಡಿಸ್ತು ಅಂದ್ರೆ ಹ ಬೇಕಿರ್ಲಿ ಬೇಡದಿರ್ಲಿ ಎಲ್ಲದಕ್ಕೂ ಕಾಗದ ಹಾರಿಸೋಕೆ ಶುರು ಮಾಡಿದ್ವು. ‘ಮಿಸ್, ನಮ್ ಹಮ್ಮ ಹಡುಗೆ ಮಾಡ್ತಾವ್ಳೆ.’ ‘ಮಿಸ್, ಹಾನೆ ಬಂತು ಹಾನೆ.’ ಸೆಲ್ವಿ ಬಾಯಿ ತೆಗೆದಿದ್ದೇ ಈ ಆಟದಲ್ಲಿ. ಹಲ್ಲಿಲ್ಲದ ಸಂದೀಲಿ ಗಾಳಿ ಜೋರಾಗಿ ಬರೋದಲ್ಲ, ಅವಳ ಕಾಗದಾನೇ ಎಲ್ಲರಿಗಿಂತ ದೂರ ಹೋಗೋದು. ಇನ್ನು ಇದನ್ನ ಹಿಂದಕ್ಕೆ ತರೋದೆಂಗಪ್ಪಾ ಅನ್ನೋ ಹೊತ್ತಿಗೆ ಮಾರ್ಚು ಬಂದೇ ಬಂತು.

ಆಫೀಸರು ಬಂದ್ರು, ಬಿಳಿ ಶರ್ಟು, ದೊಡ್ಡ ದನಿ. ನನ್ನನ್ನ ಹಿಂದೆ ಗೋಡೆ ಹತ್ರ ನಿಲ್ಲಿಸಿದ್ರು, ಟೀಚರು ತುಟಿ ಅಲ್ಲಾಡಿಸಬಾರದು. ಮುಂದಿನ ಹುಡುಗನ್ನ ಎಬ್ಬಿಸಿ, ‘ನಾಕಕ್ಕ ಎರಡ ಕೂಡಿಸಿದ್ರ ಎಷ್ಟಪಾ?’ ಅಂದ್ರು. ಹುಡುಗ ಎದೆ ಉಬ್ಬಿಸಿ, ‘ಹಾರು!’ ಅಂದ. ಆಫೀಸರು ಕನ್ನಡಕ ಸರಿ ಮಾಡ್ಕೊಂಡ್ರು. ‘ಎಲ್ಲಿಗೆ ಹಾರಲಿ?’ ಅಂದ್ರು. ಅವನನ್ನ ಕೂರಿಸಿ ಸೆಲ್ವಿ ಕಡೆ ತಿರುಗಿದ್ರು. ‘ನೀ ಹೇಳವಾ, ಮೂರಕ್ಕ ನಾಕ ಕೂಡಿಸಿದ್ರ ಎಷ್ಟ?’ ಸೆಲ್ವಿ, ‘ಹೇಳು.’ ‘ನಾ ಕೇಳಾಕತ್ತೀನಿ, ನೀ ಹೇಳಬೇಕು.’ ‘ಹೇಳು ಸಾರ್.’ ‘ಏನ್ರೀ ಹೆಡ್ಮಾಸ್ಟರ್ರ, ನಾ ಲೆಕ್ಕ ಕೇಳಿದ್ರ ಈಕಿ ನನಗ ಹೇಳು ಅಂತಾಳಲ್ರೀ!’ ಹೆಡ್ಮಾಸ್ಟ್ರ ಮುಖ ಹಿಟ್ಟಿನಂಗೆ ಬಿಳಿಚ್ಕೊಂತು. ತಮಾಷೆ ಏನು ಗೊತ್ತಾ, ತಮಿಳಲ್ಲೂ ಆರು ಅಂದ್ರೆ ಆರೇ, ಏಳೂ ಹೆಚ್ಚುಕಮ್ಮಿ ಏಳೇ, ಮನೆಯಿಂದ ಚೆನ್ನಾಗೇ ತಂದಿದ್ವು, ನಮ್ಮ ಕಾಗದ ಅದನ್ನ ಹಾರಿಸ್ಕೊಂಡು ಹೋಗಿತ್ತು! ನಾಳೆಯಿಂದ ನಾನೂ ನಿಮ್ಮ ತಾತನ ಪಕ್ಕ ಜಗಲಿ ಮೇಲೆ, ಅಂತ ಅನ್ಕೊಂಡೇಬಿಟ್ಟೆ.

ಅಷ್ಟರಲ್ಲಿ ಸೆಲ್ವಿ, ಯಾರನ್ನೂ ಕೇಳ್ಲಿಲ್ಲ, ಜಾಗ ಬಿಟ್ಟು ಬಂದು ಬಿಸ್ಕೆಟ್ ಡಬ್ಬಕ್ಕೆ ಕೈ ಹಾಕಿದ್ಲು. ನೇರ ಹೋಗಿ ಆಫೀಸರ ಕೈ ಎಳೆದು ಅಂಗೈ ಬಿಡಿಸಿ ಕಾಳು ಸುರಿದ್ಲು. ಎಷ್ಟು ಹೇಳಿದ್ರೂ ತಿಳಿಯದ ಗಿರಾಕಿಗೆ ತೋರಿಸೋ ಹಂಗೆ! ಅವರು ಬೆರಳಲ್ಲಿ ಸರಿಸಿ ಸರಿಸಿ ಎಣಿಸಿದ್ರು. ‘ಐದ... ಆರ... ಏಳ. ಏಳು!’ ಸೆಲ್ವಿ ತಲೆ ಆಡಿಸಿ, ‘ಹೂಂ ಸಾರ್, ಹೇಳು’ ಅಂದ್ಲು. ಆಫೀಸರು ಕಾಳನ್ನೊಂದು ಸಲ, ಅವಳನ್ನೊಂದು ಸಲ ನೋಡಿದ್ರು. ಆಮೇಲೆ ನಕ್ಕರು ನೋಡು, ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು. ಮಿಕ್ಕ ಲೆಕ್ಕ ಎಲ್ಲ ಕಾಳಲ್ಲೇ ಕೇಳಿದ್ರು, ಒಂದೂ ತಪ್ಪಲಿಲ್ಲ. ಹೋಗೋವಾಗ ನನ್ನ ಹತ್ರ, ಅವರ ಕಡೆ ಮಿಸ್ಸನ್ನ ಕರೆಯೋ ಹಂಗೆ, ‘ಬಾಯಾರ, ಲೆಕ್ಕ ಗಟ್ಟಿ ಐತಿ, ಮುಂದಿನ ವರ್ಷ ಬರ್ರಿ. ಹಕಾರ ಒಂದೀಟು ಕಡಿಮಿ ಮಾಡ್ರಿ’ ಅಂದ್ರು. ‘ಹಾಗ್ಲಿ ಸಾರ್’ ಅಂದೆ, ಗಾಬರೀಲಿ.

ಮುಂದಿನ ವರ್ಷವೂ ಇದ್ದೆ, ಆಮೇಲೂ ಇದ್ದೆ, ಈ ಅಂಗಡಿ ಹಾಕೋವರೆಗೂ. ಈಗ್ಲೂ ಗಿರಾಕಿ ಬಂದು ‘ಈ ಬಿಂದಿಗೆ ಗಟ್ಟೀನಾ?’ ಅಂದ್ರೆ ನಾನು ಭಾಷಣ ಮಾಡಲ್ಲ, ಎತ್ತಿ ಹಿಡಿದು ಬೆರಳಲ್ಲಿ ಬಡಿದು ಠಣ್ ಅನ್ನಿಸ್ತೀನಿ. ನೀನೂ ನಾಳೆ ಒಂದು ಲೋಟದಲ್ಲಿ ಹಾಲು, ಇನ್ನೊಂದರಲ್ಲಿ ಮೊಸರು ತಗೊಂಡೋಗಿ ಮೇಜಿನ ಮೇಲಿಡು. ಆಲು ಅನ್ನು, ಹಾಲು ಅನ್ನು, ಕಣ್ಣೆದುರಿಗೆ ಮೊಸರಿದ್ದ ಮೇಲೆ ಯಾರು ಏನು ಅಂತಾರೆ? ನಗೋರು ನಗ್ಲಿ, ಮಾಲು ಸರಿ ಇರ್ಬೇಕು ಅಷ್ಟೇ. ಸಾಕು, ಈಗ ಏಳು, ಮುಖ ತೊಳ್ಕೊ. ನಾಳೆ ಹೋಗಿ ಹೇಳು.