ಬಸ್ಯಾನ ಪಾಲಿನ ರೊಟ್ಟಿ

ಕಂದೀಲು ಸಣ್ಣ ಮಾಡ್ರಿ. ದನಿನೂ ಸಣ್ಣ ಮಾಡ್ರಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ... ನಮ್ಮ ಬಾಜೂ ಮನಿ ಕಾಶೆವ್ವಗ ಆದದ್ದು.

ಬ್ರಿಟಿಷರ ಕಾಲ. ಗಂಡ ತೀರಿದ ಮ್ಯಾಲ ಕಾಶೆವ್ವ ಘೋಡಗೇರಿಯೊಳಗ ಅಣ್ಣ ದುಂಡಪ್ಪನ ಮನ್ಯಾಗ ಇದ್ದಳು. ಆವತ್ತು ಕುಲಗೋಡದಾಗ ಮೈದುನನ ಮನಿ ತೊಟ್ಟಲದ ಕಾರ್ಯ ಮುಗಿಸಿ, ಘಟಪ್ರಭಾ ತನಕಾ ಯಾರದೋ ಚಕ್ಕಡಿ ಸಿಕ್ಕು, ಅಲ್ಲಿಂದ ಒಬ್ಬಾಕಿನ ನಡಕೋತ ಹೊಂಟಿದ್ದಳು. ಚುಕ್ಕಿ ಬೆಳಕು ಅಷ್ಟ. ಜ್ವಾಳದ ಹೊಲ ಗಾಳಿಗೆ ಸರ್... ಸರ್... ಅನ್ನಾಕತ್ತಿತ್ತು. ಊರ ಹೊರಗಿನ ಹಳೇ ಬಾವಿ ಹತ್ರ ಬರೂದಕ್ಕ ಗಾಳಿ ಒಮ್ಮಿಂದೊಮ್ಮೆ ನಿಂತಿತು.

ಕಿರ್ರ್... ಕಿರ್ರ್...

ಬಾವಿ ಮ್ಯಾಲಿನ ಗಾಲಿ ತಿರಗೂ ಸಪ್ಪಳ. ಆ ಗಾಲಿಗೆ ಹಗ್ಗಾ ಹಾಕೂದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಕಾಶೆವ್ವ ಸೆರಗು ಬಿಗಿ ಮಾಡಿ ದಾಪುಗಾಲು ಹಾಕಿದಳು. ಹಿಂದಿನಿಂದ ಪಿಚಕ್... ಪಿಚಕ್... ಹಸಿ ಪಾದ ನೆಲಾ ತುಳದಂಗ. ಆಕಿ ನಿಂತ್ರ ಅದೂ ನಿಂತಿತು.

"ಅಕ್ಕಾ..."

ಆ ದನಿ ಆಕಿಗೆ ಗುರುತ ಇತ್ತು.

ಬಸವಣ್ಣೆಪ್ಪ. ಬಸ್ಯಾ ಅಂತಿದ್ರು. ಎಲ್ಲಾರಕಿಂತ ಸಣ್ಣ ತಮ್ಮ, ಅವ್ವ ಸತ್ತ ಮ್ಯಾಲ ಕಾಶೆವ್ವನ ಕೈತುತ್ತು ತಿಂದು ಬೆಳದಾಂವ. ಮೀಸಿ ಇನ್ನೂ ಮೂಡಿದ್ದಿಲ್ಲ, ಅಷ್ಟರಾಗ ಖೂನಿ ಖಟ್ಲೆದಾಗ ಸಿಕ್ಕ. ಇದ ಬಾವಿ ನೀರಿನ ಸಲುವಾಗಿ ಬಾಜೂ ಹೊಲದ ಲಕ್ಕಪ್ಪನ ಕೂಡ ತಂಟೆ ಆಗಿ, ಲಕ್ಕಪ್ಪ ಕೊಡ್ಲಿ ಏಟಿಗೆ ಸತ್ತ. ಕೊಡ್ಲಿ ಹಿಡಕೊಂಡು ಚಾವಡಿಗೆ ಹೋಗಿ, "ನಾನ ಹೊಡದೆ" ಅಂದಾಂವ ಬಸ್ಯಾ. ಗಲ್ಲು ತಪ್ಪಬೇಕಂದ್ರ ಹುಡುಗಗ ಹುಚ್ಚ ಐತಿ ಅಂತ ಹೇಳು ಅಂತ ದುಂಡಪ್ಪ ತಂಗಿಗೆ ಕಲಿಸಿದ. ಕಾಶೆವ್ವ ಸಾಹೇಬನ ಮುಂದ ಹಂಗ ಹೇಳಿದಳು. ಬಸ್ಯಾ ಕೋರ್ಟಿನ ಅಂಗಳದಾಗ ಎಲ್ಲಾರ ಎದರಿಗೆ ಮಣ್ಣು ತಿಂದ. ಸರಕಾರದ ಹುಕುಂ ಬರೂ ತನಕಾ ಹುಚ್ಚರ ಜೇಲಿನ್ಯಾಗ ಇಡ್ರಿ ಅಂತ ಸಾಹೇಬ ತೀರ್ಪು ಕೊಟ್ಟ.

ಅಲ್ಲಿಂದ ಪ್ರತಿ ಸಂಕ್ರಾಂತಿಗೆ ಕಾಶೆವ್ವ ತಮ್ಮಗಂತ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡಾಕಿ. ದುಂಡಪ್ಪ ಗಂಟು ತಗೊಂಡು ರೈಲು ಹತ್ತಾಂವ. ಹೊಳ್ಳಿ ಬಂದು, "ಆರಾಮ ಅದಾನ. ಆದ್ರ ಗುರುತು ಹಿಡಿಯೂದಿಲ್ಲ. ಡಾಕ್ಟರ ಬಿಡೂದಿಲ್ಲ ಅಂತಾರ" ಅಂತಿದ್ದ. ನಾನೂ ಬರ್ತೀನಿ ಅಂದ್ರ, "ನಿನ್ನ ಕಂಡ್ರ ಮೈಮ್ಯಾಲ ಏರಿ ಬರ್ತಾನ" ಅಂತಿದ್ದ.

"ಬಸ್ಯಾ..." ಕಾಶೆವ್ವ ಪಿಸುಗುಟ್ಟಿದಳು. "ಬಿಟ್ರೇನೋ ನಿನ್ನ?"

"ಬಿಟ್ರು."

"ಅಣ್ಣ ಕರಕೊಂಡು ಬಂದನೇನು?"

"ಅಣ್ಣ ಯಾವಾಗ ಬಂದಿದ್ದ?"

ಆಕಿ ಹೊಳ್ಳಿ ನೋಡಿದಳು. ಬೋಳ ತಲಿ. ಮೊಣಕಾಲ ತನಕಾ ಒಂದು ಅಂಗಿ. ಎತ್ತರ... ಪೊಲೀಸರು ಒಯ್ದ ದಿನ ಎಷ್ಟಿದ್ದನೋ ಅಷ್ಟ. ಆಕಿ ತಲಿ ಬೆಳ್ಳಗಾಗಿತ್ತು. ಇಂವ ಹಂಗ ಇದ್ದ.

"ವರ್ಷಾ ವರ್ಷಾ ರೊಟ್ಟಿ ಕಳಿಸಿದೆನಲ್ಲೋ..."

"ಒಂದ ತುಕಡಿನೂ ಬರಲಿಲ್ಲ. ಒಬ್ಬರೂ ಬರಲಿಲ್ಲ."

ಪಿಚಕ್... ಒಂದು ಹೆಜ್ಜಿ ಹತ್ರ ಬಂದ.

"ಕೊಡ್ಲಿಲೆ ಹೊಡದಾಂವ ಅಣ್ಣ, ಅಕ್ಕಾ. ನೀ ಸಣ್ಣಾಂವ, ನಿನ್ನ ಗಲ್ಲಿಗೆ ಹಾಕೂದಿಲ್ಲ, ಸುಗ್ಗಿಯೊಳಗ ಬಿಡಿಸ್ಕೊಂಡು ಬರ್ತೀನಿ ಅಂತ ಕೊರಳಾಗಿನ ಲಿಂಗಾ ಕೈಯಾಗ ಹಿಡದು ಆಣಿ ಮಾಡಿದ್ದ. ಮನಿಯವರು ಜಾಮೀನ ಆದ್ರ ಒಯ್ರಿ ಅಂತ ಜೇಲಿನ ಸಿಪಾಯಿ ಊರಿಗೇ ಬಂದು ಹೇಳಿದ್ದ. ಅಣ್ಣ ಒಲ್ಲೆ ಅಂದ."

ಕಾಶೆವ್ವ ಒಂದು ಹೆಜ್ಜಿ ಅವನ ಕಡೆ ಇಟ್ಟಳು.

"ಮದಲ ಹುಚ್ಚ ಹಿಡದಂಗ ಮಾಡಿದೆ. ಆಮ್ಯಾಲ... ಅಕ್ಕನೂ ಹುಚ್ಚ ಅಂದಳಲ್ಲ, ಅಕ್ಕ ಯಾಕ ಸುಳ್ಳು ಹೇಳ್ತಾಳ, ಅಂತ ನಾನೂ ನಂಬಿದೆ."

"ನಿನ್ನ ಜೀವಾ ಉಳಸಾಕ ಹೇಳಿದೆ, ನನ್ನಪ್ಪಾ..."

ಕೈ ಚಾಚಿದಳು. ಕೈಗೆ ಥಂಡಿ ಗಾಳಿ ಅಷ್ಟ ಸಿಕ್ಕಿತು. ಗಾಲಿ ಸಪ್ಪಳನೂ ನಿಂತಿತ್ತು.

ಮನಿಗೆ ಹೆಂಗ ಮುಟ್ಟಿದಳೋ ಆಕಿಗೇ ಗೊತ್ತಿಲ್ಲ. ದುಂಡಪ್ಪ ಪಡಸಾಲ್ಯಾಗ ಅಡಿಕಿ ಕತ್ತರಿಸ್ಕೋತ ಕುಂತಿದ್ದ.

"ಆವತ್ತು ಕೊಡ್ಲಿ ಯಾರ ಕೈಯಾಗಿತ್ತು, ಅಣ್ಣಾ?"

ಅಡಕತ್ತರಿ ಕಟಕ್ ಅಂದು ನಿಂತಿತು.

"ಯಾರು ಏನು ಹೇಳಿದ್ರು ನಿನಗ?"

"ಬಸ್ಯಾ. ಬಾವಿ ಹತ್ರ ಸಿಕ್ಕಿದ್ದ."

"ಅಂವ ಹೆಂಗ ಸಿಗ್ತಾನ?" ದುಂಡಪ್ಪನ ಬಾಯಿಂದ ಬಂದ ಬಿಟ್ಟಿತು. "ಹೋದ ಶ್ರಾವಣದಾಗ ಜೇಲಿನ್ಯಾಗ ತೀರಿಕೊಂಡಾನ ಅಂವ!"

ಕಾಶೆವ್ವ ಸಾವಕಾಶ ಕೇಳಿದಳು.

"ಮತ್ತ ಈ ಸಂಕ್ರಾಂತಿಗೆ ರೊಟ್ಟಿ ಯಾರಿಗೆ ಒಯ್ದಿ?"

ದುಂಡಪ್ಪ ಎದ್ದು ಒಳಗಿನ ಖೋಲಿಗೆ ಹೋಗಿ ಬಾಗಲಾ ಹಾಕ್ಕೊಂಡ. ಕಾಶೆವ್ವ ಹೊರಗ ಕಟ್ಟಿ ಮ್ಯಾಲ ಕುಂತು ಬೆಳಕು ಹರಿಸಿದಳು. ಆ ಮನಿ ನೀರು ಮತ್ತ ಬಾಯಿಗೆ ಹಾಕ್ಲಿಲ್ಲ.

ಮುಂಜಾನಿ ಒಳಗಿಂದ ದಬ್... ದಬ್... ದಬ್...

"ಬಾಗಲಾ ತೆಗೀರೋ! ಒಳಗಿನ ಅಗಳಿ ತಗದೇನಿ, ಆದ್ರೂ ಬರವಲ್ದು! ಹೊರಗಿಂದ ಯಾರು ಹಾಕೀರಿ?"

ಓಣಿ ಮಂದಿ ಕೂಡಿದ್ರು. ಹೆಗಲು ಕೊಟ್ಟು ನೂಕಿದ್ರೂ ಬಾಗಲಾ ಜಗ್ಗಲಿಲ್ಲ. ಕಡೀಕ ಬಡಿಗ್ಯಾ ಮಾಲಿಂಗಪ್ಪ ಬಂದು ಚೌಕಟ್ಟ ಕಿತ್ತ. ದುಂಡಪ್ಪ ಅಂಬೆಗಾಲಿಟ್ಟು ಹೊರಗ ಬಂದು, ಯಾರೂ ಕೇಳೂಕಿಂತ ಮದಲ, ಲಕ್ಕಪ್ಪನ್ನ ಕೊಂದಾಂವ ನಾನು ಅಂತ ಅತ್ತ. ಕಾಶೆವ್ವ ಹೊಳ್ಳಿ ಸೈತ ನೋಡಲಿಲ್ಲ. ತಮ್ಮನ್ನ ಎಲ್ಲಿ ಮಣ್ಣು ಮಾಡ್ಯಾರ ಅಂತ ಕೇಳಾಕ ರೈಲು ಹತ್ತಿದಳು.

ಖರೆ ಹೇಳ್ತೇನ್ರಿ, ಇದರಾಗ ನನ್ನದು ಒಂದ ಮಾತೂ ಇಲ್ಲ. ಆ ಬಾಗಲಾ ಈಗ ನಮ್ಮ ಹಿತ್ತಲದಾಗ ಐತಿ. ಬೇಕಾದ್ರ ಕೈ ಹಚ್ಚಿ ನೋಡ್ರಿ... ಹೊರಗಿನ ಕಡೆ ಚಿಲಕಾ ಇಲ್ಲ, ಕೊಂಡಿ ಇಲ್ಲ, ಒಂದ ಮೊಳಿ ಬಡದ ತೂತೂ ಇಲ್ಲ.