ಹತ್ತನೇ ನಂಬರ್ ಮನೆಯ ಖಾಲಿ ಚೀಲ

ಹೇಳಿಕೆ ಕೊಡುವವರು: ಕಟ್ಟಡದಲ್ಲಿ ಎಲ್ಲರೂ ಟೈಲರಕ್ಕ ಎಂದು ಕರೆಯುವ ಹೆಂಗಸು. ವಯಸ್ಸು: 51 ವರ್ಷ. ಉದ್ಯೋಗ: ಮನೆಯಲ್ಲೇ ಹೊಲಿಗೆ. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿ, ಮನೆ ನಂಬರ್ 7.

ಯಾರೂ ಕರೆಸದೆ ನಾನಾಗಿಯೇ ಈ ದಿನ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ, ಇದೇ ತಿಂಗಳ 11ನೇ ತಾರೀಖು ಶನಿವಾರ ಬೆಳಿಗ್ಗೆ 11.30ಕ್ಕೆ ನಮ್ಮ ಕಟ್ಟಡದ ಗೇಟಿನ ಬಳಿ ನಾನು ಒಂದು ಹೇಳಿಕೆ ಕೊಟ್ಟಿದ್ದೇನೆ. ಅದರಲ್ಲಿ ಒಂದು ಸಾಲು ಸುಳ್ಳು. ಆ ಸುಳ್ಳು ಒಂಬತ್ತು ವರ್ಷದ ಹುಡುಗಿಯ ತಲೆಯ ಮೇಲೆ ಬಿದ್ದಿದೆ. ಅದನ್ನು ಸರಿಪಡಿಸಲು ಬಂದಿದ್ದೇನೆ. ರೈಟರ್ ಸಾಹೇಬರು ಮೊದಲಿಂದ ಹೇಳಿ ಎಂದಿದ್ದರಿಂದ ಮೊದಲಿಂದ ಹೇಳುತ್ತೇನೆ.

ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಯಜಮಾನರು ಇಬ್ಬರೇ. ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಉಬ್ಬಸ ಹಚ್ಚಿಕೊಂಡವರು. ಊರೆಲ್ಲ ಹರಡಿರುವ ಈ ಸಾಂಕ್ರಾಮಿಕ ಜ್ವರ ಬಂದರೆ ಅವರು ಉಳಿಯುವುದು ಕಷ್ಟ ಎಂದು ಡಾಕ್ಟರು ಫೋನಿನಲ್ಲೇ ಹೇಳಿದ್ದರು. ಅಂದಿನಿಂದ ಅವರು ಕೆಮ್ಮಿದಾಗಲೆಲ್ಲ ನನ್ನ ಹೊಲಿಗೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ, ಆದರೆ ಬರೆದುಕೊಳ್ಳಬೇಕು.

ನಮ್ಮ ಮನೆಯ ನೇರ ಮೇಲೆ, ಮೂರನೇ ಮಹಡಿಯ 10ನೇ ನಂಬರಿನಲ್ಲಿ ನರ್ಸಮ್ಮ ಮತ್ತು ಅವರ ಮಗಳು ಇದ್ದಾರೆ. ನರ್ಸಮ್ಮನಿಗೆ 34 ವರ್ಷ. ಗಂಡ ಮೂರು ವರ್ಷದ ಹಿಂದೆ ಬಿಟ್ಟು ಹೋದವರು, ಅವರ ವಿಷಯ ಇಲ್ಲಿಗೆ ಸಂಬಂಧವಿಲ್ಲ. ಮಗಳನ್ನು ಕಟ್ಟಡದವರೆಲ್ಲ ರೇಡಿಯೊ ಎನ್ನುತ್ತೇವೆ. ಇದಕ್ಕೆ ಆರಿಸುವ ಗುಂಡಿಯನ್ನೇ ಇಟ್ಟಿಲ್ಲ ಎಂದು ಅವರಮ್ಮನೇ ಇಟ್ಟ ಹೆಸರು. ಬೆಳಿಗ್ಗೆ ಹಲ್ಲುಜ್ಜುವಾಗಿನಿಂದ ಅವಳ ಮಾತು ನಮ್ಮ ಅಡುಗೆಮನೆಯ ಕಿಟಕಿಗೆ ಕೇಳುತ್ತಿತ್ತು. ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಮೂರನೇ ಮಹಡಿಯ ಉಳಿದ ಎರಡು ಮನೆಗಳಿಗೆ ಬೀಗ ಬಿದ್ದಿತ್ತು.

ಲಾಕ್‌ಡೌನ್ ಇದ್ದುದರಿಂದ ನಮ್ಮ ಬೀದಿಯ ದಿನಸಿ ಅಂಗಡಿ ಮಂಗಳವಾರ, ಗುರುವಾರ, ಶನಿವಾರ ಮಾತ್ರ, ಬೆಳಿಗ್ಗೆ 6ರಿಂದ 10ರವರೆಗೆ ತೆರೆಯುತ್ತಿತ್ತು. ಎರಡು ಮಹಡಿಗೆ ಒಬ್ಬರಂತೆ ಪಾಸ್ ಕೊಟ್ಟಿದ್ದರು. ನಮ್ಮದಕ್ಕೂ ಮೂರನೆಯದಕ್ಕೂ ಪಾಸ್ ನನ್ನ ಹೆಸರಿನಲ್ಲಿತ್ತು. ಅದಕ್ಕೆಂದು ನಾನೇ ಪ್ರತಿ ಮನೆಗೂ ಹಳೆಯ ಪರದೆ ಬಟ್ಟೆಯಲ್ಲಿ ಒಂದೊಂದು ಚೀಲ ಹೊಲಿದೆ. 10ನೇ ನಂಬರಿನದು ನೀಲಿ ಗೆರೆಯ ಚೀಲ. ಬೆಳಿಗ್ಗೆ ಆರಕ್ಕೆ ಅವರು ಚೀಟಿಯನ್ನು ಚೀಲದೊಳಗಿಟ್ಟು, ಹಿಡಿಕೆ ಎರಡನ್ನೂ ಗಂಟು ಹಾಕಿ ಬಾಗಿಲ ಹೊರಗಿನ ಚಿಲಕಕ್ಕೆ ತೂಗುಹಾಕಬೇಕು. ನಾನು ಸಾಮಾನು ತಂದು ಅಲ್ಲೇ ತೂಗುಹಾಕಿ, ಬಟ್ಟೆ ಅಳೆಯುವ ಮರದ ಮೀಟರ್ ಸ್ಕೇಲಿನಿಂದ ಬಾಗಿಲಿಗೆ ಎರಡು ಸಲ ಬಡಿದು ಮೆಟ್ಟಿಲ ತಿರುವಿಗೆ ಇಳಿಯಬೇಕು. ಬಾಗಿಲಿಂದ ತಿರುವಿಗೆ ಹನ್ನೊಂದು ಮೆಟ್ಟಿಲು.

2ನೇ ತಾರೀಖು ಗುರುವಾರ ನರ್ಸಮ್ಮ ಜ್ವರದಿಂದ ಡ್ಯೂಟಿ ಬಿಟ್ಟು ಬಂದರು. ಸಂಜೆ 4ಕ್ಕೆ ಆರೋಗ್ಯ ಇಲಾಖೆಯವರು ಬಂದು, ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲ, ಹದಿನಾಲ್ಕು ದಿನ ಮನೆಯಲ್ಲೇ ಇರಿ ಎಂದು ಬಾಗಿಲಿಗೆ ಕೆಂಪಕ್ಷರದ ಚೀಟಿ ಅಂಟಿಸಿದರು. ಕಟ್ಟಡದ ಸೆಕ್ರೆಟರಿಯವರು ಕೆಳಗಿನಿಂದಲೇ ಎಲ್ಲರಿಗೂ ಕೇಳುವಂತೆ, ಆ ಬಾಗಿಲು ಮುಟ್ಟಿದವರ ಬಾಗಿಲಿಗೂ ಚೀಟಿ ಬೀಳುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು. ಅದೇ ದಿನ ನರ್ಸಮ್ಮ ಒಳಗಿನಿಂದ ನನಗೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. "ಅಕ್ಕಾ, ಸಾಮಾನು ತಗೊಂಡ ಮೇಲೆ ಚೀಲ ತೊಳೆದು ಹೊರಗೆ ಹಾಕ್ತೀನಿ. ಖಾಲಿ ಚೀಲ ತೂಗ್ತಿದ್ರೆ ನಾವು ಚೆನ್ನಾಗಿದೀವಿ ಅಂತ ತಿಳ್ಕೊಳ್ಳಿ. ನಿಮ್ಮ ಮನೇಲಿ ಭಾವನವರು ಇದಾರೆ, ನೀವು ಬಾಗಿಲ ಹತ್ರ ನಿಲ್ಲಬೇಡಿ."

4ನೇ ತಾರೀಖು ಶನಿವಾರ ಎಲ್ಲವೂ ಸರಿಯಾಗಿತ್ತು. ಚೀಟಿ ನರ್ಸಮ್ಮನ ಕೈಬರಹದಲ್ಲಿತ್ತು. ಅಕ್ಕಿ, ಆಲೂಗಡ್ಡೆ, ಮೊಟ್ಟೆ, ಸೋಪು, ಬಣ್ಣದ ಪೆನ್ಸಿಲ್ ಸಿಕ್ಕರೆ ಒಂದು ಡಬ್ಬಿ. ಚೀಲದ ಗಂಟು ಬ್ಯಾಂಡೇಜಿಗೆ ಹಾಕುವಂಥ ಚಪ್ಪಟೆ ಗಂಟು, ಎರಡೂ ತುದಿ ಸಮ. ಗಂಟು, ಹೊಲಿಗೆ, ಗುಂಡಿ ನೋಡಿ ಅದು ಯಾರ ಕೈಕೆಲಸವೆಂದು ಹೇಳುವುದು ನನ್ನ ಕಸುಬು. ಪೆನ್ಸಿಲ್ ಸಿಗಲಿಲ್ಲ ಎಂದಾಗ ರೇಡಿಯೊ ಬಾಗಿಲ ಹಿಂದಿನಿಂದ ಹತ್ತು ನಿಮಿಷ ನನಗೆ ಬುದ್ಧಿ ಹೇಳಿದಳು.

7ನೇ ತಾರೀಖು ಮಂಗಳವಾರ ಬೆಳಿಗ್ಗೆ 6.10ಕ್ಕೆ ನಾನು ಮೇಲೆ ಹೋದಾಗ ಚೀಲ ಚಿಲಕದಲ್ಲಿತ್ತು. ಗಂಟು ಬೇರೆಯಾಗಿತ್ತು. ಶಾಲೆಯ ಬೂಟಿನ ಲೇಸಿಗೆ ಹಾಕುವ ಗಂಟು, ಒಂದು ಕುಣಿಕೆ ದೊಡ್ಡದು, ಒಂದು ಚಿಕ್ಕದು. ಚೀಟಿ ಪೆನ್ಸಿಲಿನಲ್ಲಿ ಬರೆದಿತ್ತು. ಬ್ರೆಡ್, ಬಿಸ್ಕತ್ತು, ಹಾಲು, ಜ್ವರದ ಮಾತ್ರೆ. ಅಕ್ಕಿ ಇರಲಿಲ್ಲ, ತರಕಾರಿ ಇರಲಿಲ್ಲ. ಇದು ತಾಯಿ ಕಟ್ಟಿದ ಗಂಟಲ್ಲ, ಒಲೆಯ ಹತ್ತಿರ ಈಗ ಯಾರೂ ನಿಲ್ಲುತ್ತಿಲ್ಲ ಎಂದು ನನಗೆ ಆಗಲೇ, 6.10ಕ್ಕೇ ಗೊತ್ತಾಯಿತು.

ಅಂಗಡಿ ನಮ್ಮ ಗೇಟಿನಿಂದ 320 ಹೆಜ್ಜೆ. ಜನ ದೂರ ದೂರ ನಿಲ್ಲಲೆಂದು ಸುಣ್ಣದಲ್ಲಿ ಬರೆದಿದ್ದ ವೃತ್ತಗಳಲ್ಲಿ ಒಂಬತ್ತನೆಯದರಲ್ಲಿ ನಾನು ನಿಂತೆ. ನನ್ನ ಹಿಂದಿನವರು ಒಂದು ಸಲ ಸೀನಿದರು, ಒಂಬತ್ತು ಜನ ಒಟ್ಟಿಗೆ ತಿರುಗಿ ನೋಡಿದೆವು. ಅಂಗಡಿಯಣ್ಣ ಹಗ್ಗದ ಆಚೆಯಿಂದ ಚೀಟಿಯನ್ನು ಇಕ್ಕಳದಲ್ಲಿ ಹಿಡಿದು ಓದಿ, ಇದು ಮಗು ಬರೆದ ಹಾಗಿದೆಯಲ್ಲ, ಒಂದು ಸಲ ವಿಚಾರಿಸಿ ಎಂದರು. ಶಾಲೆ ಇಲ್ಲ, ಅಮ್ಮ ಕಾಪಿ ಬರೆಸುತ್ತಿರಬೇಕು ಎಂದು ನಾನು ನಕ್ಕೆ. ಮಾಸ್ಕಿನೊಳಗೆ ನಕ್ಕಿದ್ದು ಅವರಿಗೆ ಕಾಣಿಸಿರಲಾರದು.

8.40ಕ್ಕೆ ಚೀಲ ತೂಗುಹಾಕಿ, ಬಡಿದು, ತಿರುವಿನಲ್ಲಿ ನಿಂತೆ. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಸಣ್ಣ ಕೈಯೊಂದು ಬಂದು ಚೀಲ ತೆಗೆದುಕೊಂಡಿತು. ಮಾತು ಬರಲಿಲ್ಲ. 9.30ಕ್ಕೆ ಹೋಗಿ ನೋಡಿದೆ, ಖಾಲಿ ಚೀಲ ತೂಗುತ್ತಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಹಿಂಡಲು ಆ ಕೈಗೆ ಬಲ ಸಾಲದು. ನಾನು ಕೆಳಗೆ ಬಂದು ಯಜಮಾನರಿಗೆ ಮೇಲಿನವರು ಚೆನ್ನಾಗಿದ್ದಾರೆ ಎಂದು ಹೇಳಿ ಕೈ ತೊಳೆದುಕೊಂಡೆ. ಆ ದಿನ ಕೈ ಎಷ್ಟು ಸಲ ತೊಳೆದೆ ಎಂದು ಕೇಳಿದರೆ ಹೇಳಲಾರೆ.

8ನೇ ತಾರೀಖು ಬುಧವಾರ ಮೇಲಿನಿಂದ ರೇಡಿಯೊ ಕೇಳಲಿಲ್ಲ. ನರ್ಸಮ್ಮ ಹಿಮ್ಮಡಿ ಊರಿ ನಡೆಯುವವರು, ಅವರ ನಡಿಗೆಗೆ ನಮ್ಮ ದೀಪ ಅಲುಗುತ್ತದೆ. ಆ ದಿನ ದೀಪ ಅಲುಗಲಿಲ್ಲ. ಬರಿಗಾಲಿನ ಸಣ್ಣ ಹೆಜ್ಜೆ ಮಾತ್ರ ಹಾಸಿಗೆಯ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಸಿಗೆಯ ಕೋಣೆಗೆ ಓಡಾಡುತ್ತಿತ್ತು. ನರ್ಸಮ್ಮನ ಫೋನಿಗೆ 11ಕ್ಕೂ 3ಕ್ಕೂ ಕರೆ ಮಾಡಿದೆ, ಸ್ವಿಚ್ ಆಫ್ ಆಗಿತ್ತು. ಯಜಮಾನರು, ಯಾಕೆ ಮತ್ತೆ ಮತ್ತೆ ಸೂರು ನೋಡುತ್ತೀಯ ಎಂದು ಕೇಳಿದರು. ಜೇಡರಬಲೆ ನೋಡುತ್ತಿದ್ದೇನೆ ಎಂದೆ.

ಆಂಬುಲೆನ್ಸಿಗೆ ಫೋನು ಮಾಡಲು ಆ ಬಾಗಿಲು ಮುಟ್ಟಬೇಕಾಗಿರಲಿಲ್ಲ. ಇದು ನನಗೂ ಗೊತ್ತು, ನೀವು ಕೇಳುವ ಮೊದಲೇ ಹೇಳುತ್ತೇನೆ. ಆದರೆ ಫೋನು ಮಾಡಿದವರನ್ನು, ಆ ಮನೆಗೆ ಹೋಗಿ ಬರುತ್ತಿದ್ದವರು ಯಾರು ಎಂದು ಕೇಳುತ್ತಾರೆ. ನಾನೇ ಎನ್ನಬೇಕು. ಎದುರು ಬೀದಿಯಲ್ಲಿ ಹಾಗೆ ಇಡೀ ಮನೆಯವರನ್ನು ಗಾಡಿಗೆ ಹತ್ತಿಸಿಕೊಂಡು ಹೋಗಿದ್ದರು, ಅವರಲ್ಲಿ ಹಿರಿಯರು ತಿರುಗಿ ಬರಲಿಲ್ಲ. ಯಜಮಾನರನ್ನು ಆ ಗಾಡಿಗೆ ಹತ್ತಿಸುವುದು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ನಾಳೆ ಹೇಗೂ ಗುರುವಾರ, ನೋಡೋಣ ಎಂದುಕೊಂಡೆ. ನನಗೆ ಬಹಳ ಭಯವಾಗಿತ್ತು.

9ನೇ ತಾರೀಖು ಗುರುವಾರ ಬೆಳಿಗ್ಗೆ 6.05ಕ್ಕೆ ಚೀಲದಲ್ಲಿದ್ದ ಚೀಟಿಯನ್ನು ಈ ದಿನ ನಿಮಗೆ ಒಪ್ಪಿಸಿದ್ದೇನೆ. ಅದರಲ್ಲಿ ಹೀಗಿದೆ: "ಬ್ರೆಡ್. ಗ್ಲೂಕೋಸ್ ಪುಡಿ. ಸ್ಟ್ರಾ (ಮಲಗಿಕೊಂಡೇ ಕುಡಿಯುವುದಕ್ಕೆ)." ಅಂಗಡಿಯಲ್ಲಿ ಸ್ಟ್ರಾ ಇರಲಿಲ್ಲ. ಅಂಗಡಿಯಣ್ಣ ಹಣ್ಣಿನ ರಸದ ಎರಡು ಚಿಕ್ಕ ಡಬ್ಬಿಗಳಿಗೆ ಅಂಟಿಸಿದ್ದ ಸ್ಟ್ರಾಗಳನ್ನು ಕಿತ್ತು ಕೊಟ್ಟರು. ಈ ಸಲ ಅವರು ಚೀಟಿ ಬಿಟ್ಟು ನನ್ನ ಮುಖವನ್ನೇ ನೋಡಿದರು.

8.50ಕ್ಕೆ ನಾನು ಬಾಗಿಲು ಬಡಿದು ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಬಾಗಿಲು ತೆರೆಯಿತು. ಮುಂದೆ ನಡೆದ ಮಾತನ್ನು ಒಂದಕ್ಷರ ಬದಲಿಸದೆ ಹೇಳುತ್ತೇನೆ.

ಹುಡುಗಿ, "ದೊಡ್ಡಮ್ಮ, ಅಮ್ಮ ಏಳ್ತಿಲ್ಲ. ಕರೆದ್ರೆ ಹ್ಞೂಂ ಅಂತಾರೆ, ಕಣ್ಣು ಬಿಡ್ತಿಲ್ಲ" ಎಂದಳು.

ನಾನು, "ನಿದ್ದೆ ಮಾಡ್ಲಿ ಬಿಡು ಪುಟ್ಟಾ. ಜ್ವರ ಬಂದವರು ಹಾಗೇ ಮಲಗ್ತಾರೆ. ನೀನು ಬಾಗಿಲು ಹಾಕ್ಕೋ" ಎಂದೆ.

ಹುಡುಗಿ ಬಾಗಿಲು ಹಾಕಲಿಲ್ಲ. "ಹಾಗಾದ್ರೆ ಚೀಲ ಹೊರಗೆ ಹಾಕ್ಲಾ?" ಎಂದು ಕೇಳಿದಳು.

ಖಾಲಿ ಚೀಲದ ಅರ್ಥ ಅವಳಿಗೆ ಗೊತ್ತಿತ್ತು. ತಾವು ಚೆನ್ನಾಗಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ಕೇಳಿದಳು. ನಾನು ಹಾಕು ಎಂದೆ. ನಾನು ಹಾಕು ಎಂದಿದ್ದರಿಂದ ಅವಳು ಹಾಕಿದಳು.

10ನೇ ತಾರೀಖು ಶುಕ್ರವಾರ ಮಧ್ಯಾಹ್ನ 12ರ ಸುಮಾರಿಗೆ ಯಜಮಾನರು ಸ್ನಾನಕ್ಕೆ ಹೋಗಿದ್ದಾಗ ಸ್ಟೂಲಿನ ಮೇಲೆ ನಿಂತು ಸ್ಕೇಲಿನಿಂದ ಸೂರಿಗೆ ಎರಡು ಸಲ ಬಡಿದೆ. ಮೇಲಿನಿಂದ ಕಾಲಲ್ಲಿ ಎರಡು ಸಲ ಕುಟ್ಟಿದ ಸದ್ದು ಬಂತು. ಇದ್ದಾರೆ ಎಂದುಕೊಂಡೆ. ಯಾರು ಇದ್ದಾರೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಸಂಜೆಯವರೆಗೆ ಕುಳಿತು ನಲವತ್ತು ಮಾಸ್ಕ್ ಹೊಲಿದೆ, ಅದರಲ್ಲಿ ಹದಿನಾರನ್ನು ತಿರುವುಮುರುವಾಗಿ ಹೊಲಿದು ಬಿಚ್ಚಬೇಕಾಯಿತು.

11ನೇ ತಾರೀಖು ಶನಿವಾರ ಬೆಳಿಗ್ಗೆ 6ಕ್ಕೆ ಸರಿಯಾಗಿ ಮೇಲೆ ಹೋದೆ. ಚೀಲ ತೂಗುತ್ತಿತ್ತು. ಗಂಟು ಇರಲಿಲ್ಲ, ಒಳಗೆ ಚೀಟಿಯೂ ಇರಲಿಲ್ಲ. ಚೀಟಿ ಎಲ್ಲಿ ಪುಟ್ಟಾ ಎಂದು ಕೇಳಿದೆ. ಬಾಗಿಲ ಹಿಂದೆ, ನೆಲದ ಹತ್ತಿರದಿಂದ ದನಿ ಬಂತು. ಅವಳು ಅಲ್ಲೇ ಮಲಗಿದ್ದಳೆಂದು ಕಾಣುತ್ತದೆ. "ಏನು ತರಿಸ್ಬೇಕು ಅಂತ ಗೊತ್ತಾಗ್ಲಿಲ್ಲ ದೊಡ್ಡಮ್ಮ" ಎಂದಳು.

ಆಗ ನಾನು ಬಾಗಿಲು ಮುಟ್ಟಿದೆ. ತಳ್ಳಿ ಒಳಗೆ ಹೋದೆ. ನರ್ಸಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ತುಟಿ ನೀಲಿಯಾಗಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ತಲೆದಿಂಬಿನ ಪಕ್ಕದ ಲೋಟದಲ್ಲಿ ಗ್ಲೂಕೋಸ್ ನೀರು, ಅದರಲ್ಲಿ ಸ್ಟ್ರಾ. ಹಾಸಿಗೆಯ ಪಕ್ಕ ಬ್ರೆಡ್ಡಿನ ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟಿತ್ತು, ಯಾರೂ ತಿಂದಿರಲಿಲ್ಲ. 6.12ಕ್ಕೆ ಆಂಬುಲೆನ್ಸಿಗೆ ಫೋನು ಮಾಡಿದೆ. 7.25ಕ್ಕೆ ಗಾಡಿ ಬಂತು. ತಾಯಿಯನ್ನು ದೊಡ್ಡಾಸ್ಪತ್ರೆಗೂ, ಮಗಳನ್ನು ಅದರ ಹಿಂದಿನ ಕ್ವಾರಂಟೈನ್ ಕಟ್ಟಡಕ್ಕೂ ಕರೆದುಕೊಂಡು ಹೋದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗಾಡಿಯವರು ಕೇಳಿದರು.

ಅದೇ ಪ್ರಶ್ನೆಯನ್ನು 11.30ಕ್ಕೆ ನಿಮ್ಮ ಪೇದೆಯವರು ಗೇಟಿನ ಬಳಿ ಕೇಳಿದರು. ಕಟ್ಟಡದ ಎಲ್ಲ ಕಿಟಕಿಗಳಲ್ಲೂ ಜನ ಇದ್ದರು. ಅಂಗಡಿಯಣ್ಣ ಬೀದಿಯ ಆಚೆ ನಿಂತಿದ್ದರು. ಆಗ ನನ್ನ ಬಾಯಿಂದ, "ಹುಡುಗಿ ಹೆದರಿ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು, ಖಾಲಿ ಚೀಲ ಹಾಕಿ ಎಲ್ಲರನ್ನೂ ನಂಬಿಸುತ್ತಿದ್ದಳು" ಎಂಬ ಮಾತು ಬಂತು. ಬರೆದುಕೊಂಡರು. ರುಜು ಹಾಕಿದೆ.

ನಿನ್ನೆ 12ನೇ ತಾರೀಖು ಭಾನುವಾರ ಸಂಜೆ 5ಕ್ಕೆ ನರ್ಸಮ್ಮನ ಜೊತೆ ಕೆಲಸ ಮಾಡುವ ಇನ್ನೊಬ್ಬ ನರ್ಸ್ ಫೋನು ಮಾಡಿದರು. ತಾಯಿಗೆ ಇನ್ನೂ ಪ್ರಜ್ಞೆ ಬಂದಿಲ್ಲ, ಎರಡು ದಿನ ಮೊದಲು ತಂದಿದ್ದರೆ ಉಳಿಯುತ್ತಾರೆಂದು ಧೈರ್ಯವಾಗಿ ಹೇಳಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ವಿಚಾರಣೆಗೆ ಬಂದ ಅಧಿಕಾರಿಯೊಬ್ಬರು ನನ್ನ ಹೇಳಿಕೆಯನ್ನು ಕೈಯಲ್ಲಿ ಹಿಡಿದು ಹುಡುಗಿಯನ್ನು, ಯಾಕಮ್ಮ ಯಾರಿಗೂ ಹೇಳಲಿಲ್ಲ ಎಂದು ಕೇಳಿದರಂತೆ. ಅವಳು ದೊಡ್ಡಮ್ಮನಿಗೆ ಹೇಳಿದ್ದೆ ಎನ್ನಲಿಲ್ಲವಂತೆ. ತಪ್ಪಾಯ್ತು ಎಂದಳಂತೆ. ಆಮೇಲಿನಿಂದ ಒಂದು ಮಾತೂ ಆಡಿಲ್ಲವಂತೆ. ನಿಮ್ಮ ಕಟ್ಟಡದಲ್ಲಿ ಇವಳನ್ನು ರೇಡಿಯೊ ಅಂತಾರಲ್ಲ, ನಿಜವಾ ಎಂದು ಆ ನರ್ಸ್ ನನ್ನನ್ನು ಕೇಳಿದರು. ಹೌದು ಎಂದೆ. ಫೋನಿಟ್ಟ ಮೇಲೆ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು, "ನನ್ನ ಕಾಯಿಲೆಯ ನೆಪದಲ್ಲಿ ಆ ಮಗೂನ ಸಿಕ್ಕಿಸಿದ್ಯಲ್ಲೇ" ಎಂದರು. ಈಗ ನಮ್ಮ ಬಾಗಿಲಿಗೂ ಕೆಂಪಕ್ಷರದ ಚೀಟಿ ಬಿದ್ದಿದೆ. ಅದನ್ನು ಮೀರಿ, ಈ ದಿನ ಅಂಗಡಿಯವರೆಗಿನ 320 ಹೆಜ್ಜೆಯನ್ನೂ ದಾಟಿ ಠಾಣೆಗೆ ಬಂದಿದ್ದೇನೆ. ಕಿಟಕಿಯ ಹೊರಗೆ, ಅಂಗಳದಲ್ಲಿ ನಿಂತು ಹೇಳುತ್ತಿದ್ದೇನೆ. ಅದಕ್ಕೆ ಏನು ಶಿಕ್ಷೆಯೋ ಕೊಡಿ.

11ರ ಹೇಳಿಕೆಯಲ್ಲಿ ಆ ಸಾಲನ್ನು ಹೊಡೆದುಹಾಕಿ ಎಂದು ಕೇಳಿದೆ. ರುಜು ಬಿದ್ದ ಕಾಗದದಲ್ಲಿ ಹೊಡೆದುಹಾಕಲು ಬರುವುದಿಲ್ಲ, ಇದನ್ನು ಅದರ ಹಿಂದೆ ಲಗತ್ತಿಸಬಹುದು, ಎರಡೂ ಇರುತ್ತವೆ ಎಂದು ರೈಟರ್ ಸಾಹೇಬರು ಹೇಳಿದರು. ಹಾಗಿದ್ದರೆ ಇದನ್ನು ಅದರ ಮುಂದೆ ಇಡಬೇಕೆಂದು ಬೇಡಿಕೊಳ್ಳುತ್ತೇನೆ. ಅವರಮ್ಮ ಕಣ್ಣು ಬಿಟ್ಟರೂ ಬಿಡದಿದ್ದರೂ, ಈ ದಿನವೇ ಯಾರಾದರೂ ಹೋಗಿ ಹುಡುಗಿಗೆ ಈ ಕೆಳಗಿನದನ್ನು ಓದಿ ಹೇಳಬೇಕು.

ಅವಳು ಹೇಳಿದಳು. 9ನೇ ತಾರೀಖು ಗುರುವಾರ ಬೆಳಿಗ್ಗೆ 8.50ಕ್ಕೆ, ಸ್ಪಷ್ಟವಾಗಿ ಹೇಳಿದಳು. ನನಗೆ ಕೇಳಿಸಿತು. ನಾನು ನಾಲ್ಕೇ ಮೆಟ್ಟಿಲ ಕೆಳಗೆ ಇದ್ದೆ.

ಇದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಇದರಲ್ಲಿರುವುದು ನಾನು ಹೇಳಿದಂತೆಯೇ ಇದೆ, ನಿಜವಿದೆ. 11ರಂದು ಹೇಳಿದ್ದು ನಿಜವಲ್ಲ.

ಸ್ಥಳ: ಠಾಣೆಯ ಅಂಗಳ
ದಿನಾಂಕ: 13, ಸೋಮವಾರ, ಬೆಳಿಗ್ಗೆ 10.20
ರುಜು: (ಟೈಲರಕ್ಕ, ಮನೆ ನಂಬರ್ 7)