ಮೂರು ಪೆಟ್ಟು ಖಾಲಿ

ಬಾಗಿಲು ಹಾಕಿ ಆಯ್ತಾ? ಸರಿ... ಲೈಟ್ ಬೇಕಾದರೆ ಇರಲಿ. ನಂಬಲೇಬೇಕು ಅಂತ ನಾನು ಹೇಳುವುದಿಲ್ಲ. ಮಧ್ಯದಲ್ಲಿ ನಗಬೇಡಿ, ಅಷ್ಟೇ. ಇದು ನನ್ನ ದೊಡ್ಡಮ್ಮನ ಮಗ ಧನರಾಜನಿಗೆ ಆದದ್ದು. 2005ನೇ ಇಸವಿ, ನವೆಂಬರ್.

ಧನು ಆಗ ಮೂಡಬಿದಿರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆ ದಿನ ಕೊನೆಯ ಬಸ್ಸು ವೇಣೂರು ದಾಟುವಾಗ ಒಂಬತ್ತೂವರೆ. ಇಳಿದು ಮನೆಗೆ ಒಂದು ಮೈಲು ನಡೆಯಬೇಕು. ಅರ್ಧ ದಾರಿಯಲ್ಲಿ ಪಂಚಾಯತಿನ ಬಾವಿ. ಅದರ ಎದುರಿಗೆ ಸೇಸಕ್ಕನ ಮನೆ, ಪಕ್ಕದಲ್ಲಿ ಗದ್ದೆ. ಸೇಸಕ್ಕ ತೀರಿಹೋಗಿ ಆಗ ಇಪ್ಪತ್ತು ದಿನ. ಮನೆಯಲ್ಲಿ ಯಾರೂ ಇಲ್ಲ.

ಬಾವಿಯ ಹತ್ತಿರ ಬಂದಾಗ ರಾಟೆ ತಿರುಗಿದ ಶಬ್ದ. ಕಿರ್ರ್... ಕಿರ್ರ್...

ಆಮೇಲೆ ಹಾಡು. ಸೇಸಕ್ಕನ ಹಾಡು. ಅವರದ್ದೇ ದನಿ.

ತಾಳಿ. ಆ ಹಾಡು ಎಂಥದ್ದು ಅಂತ ಮೊದಲು ಹೇಳ್ತೇನೆ.

ಸೇಸಕ್ಕನಿಗೆ ಒಬ್ಬಳೇ ಮಗಳು, ಮೋಹಿನಿ. ಭತ್ತದ ಸಸಿ, ನಮ್ಮ ಕಡೆ ನೇಜಿ ಅಂತೇವೆ, ಅದು ನೆಡುವಾಗ ಸೇಸಕ್ಕ ಗದ್ದೆಯಲ್ಲಿ ಬಗ್ಗಿಕೊಂಡೇ ಒಂದು ಸಾಲು ಹಾಡುವುದು. ಹಾಡು ತುಳು, ಅರ್ಥ ಇಷ್ಟೇ: ಕೊಕ್ಕರೆ ಬಂತು, ಎಲ್ಲಿದ್ದೀ ಮಗಳೇ. ಹಾಡಿ ನಿಲ್ಲಿಸುವುದು. ಗದ್ದೆಯ ಆಚೆ ಬದಿಯಿಂದ ಮಗಳು "ಓ..." ಅನ್ನುವುದು. ಮತ್ತೆ ಮುಂದಿನ ಸಾಲು. ಎಂಬತ್ತಮೂರರಲ್ಲಿ ಆ ಕಡೆ ಮಂಗನ ಕಾಯಿಲೆ ಬಂತಲ್ಲ? ಅದರಲ್ಲಿ ಮೋಹಿನಿ ಹೋದಳು. ಆಗ ಅವಳಿಗೆ ಒಂಬತ್ತು ವರ್ಷ. ಸೇಸಕ್ಕ ಹಾಡು ಬಿಡಲಿಲ್ಲ. ಸಾಲು ಮುಗಿದ ಮೇಲೆ ಅಷ್ಟೇ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು... ಮತ್ತೆ ಮುಂದಿನ ಸಾಲು. ಇಪ್ಪತ್ತೆರಡು ವರ್ಷ ಹಾಗೆಯೇ.

ಇನ್ನು ನೋಣಯ್ಯ ಮಾಸ್ಟ್ರು. ಮಕ್ಕಳಿಗೆ ಸಮೂಹಗಾನ ಕಲಿಸುವವರು. ಬಂಟ್ವಾಳದಲ್ಲಿ ಸ್ಪರ್ಧೆ ಇತ್ತು. ಯಾರೂ ಕೇಳದ ಹಾಡು ಒಂದು ತಾ, ನೊಟೇಶನ್ ಬರೆದು ಕೊಡು ಅಂತ ಧನುವಿಗೆ ಹೇಳಿದರು. ಇವನು ಸೇಸಕ್ಕನನ್ನು ಟೇಪ್ ರೆಕಾರ್ಡರಿನ ಎದುರು ಕೂರಿಸಿ ಹಾಡಿಸಿದ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ.

"ಆ ನಿಲ್ಲುವ ಜಾಗ ತೆಗೆಯಬೇಡ ಆಯ್ತಾ ಧನು?"

"ಇಲ್ಲ ಸೇಸಕ್ಕ. ದೇವರಾಣೆ."

ಹಾಡಿನ ಸ್ವರ, ತಾಳ ಬರೆಯುವ ಸಾಫ್ಟ್‌ವೇರ್ ಉಂಟು, ನೀವು ನೋಡಿರಲಿಕ್ಕಿಲ್ಲ. ಅದು ಕುಂಟೆಬಿಲ್ಲೆ ಆಟದ ಹಾಗೆ ಗೀಟು ಎಳೆದು ಹಾಡನ್ನು ಮನೆಮನೆ ಮಾಡ್ತದೆ. ಒಂದೊಂದು ಮನೆಗೆ ತಾಳದ ಎಷ್ಟು ಪೆಟ್ಟು ಅಂತ ನಾವು ಮೊದಲೇ ಹೇಳಬೇಕು. ಸೇಸಕ್ಕನ ಸಾಲು ಏಳು ಪೆಟ್ಟು. ನಿಲ್ಲುವ ಜಾಗ ಮೂರು ಪೆಟ್ಟು, ಖಾಲಿ. ಧನು ಮೊದಲು ಏಳರದ್ದು ಒಂದು ಮನೆ, ಮೂರರದ್ದು ಒಂದು ಮನೆ ಮಾಡಿದ. ಆಮೇಲೆ ಎರಡನ್ನೂ ಸೇರಿಸಿ ಹತ್ತು ಪೆಟ್ಟಿನ ಒಂದೇ ಮನೆ ಮಾಡಿದ. ಖಾಲಿ ಖಾಲಿಯಾಗಿಯೇ ಉಳಿಯಿತು. ಚೆಂದ ಇತ್ತಂತೆ.

ಮಾಸ್ಟ್ರು ಕಾಗದ ನೋಡಿ ಮುಖ ಹುಳಿ ಮಾಡಿದರು.

"ಹತ್ತು ಯಾವ ತಾಳ ಮಾರಾಯ? ಮಕ್ಕಳು ಹೆಜ್ಜೆ ಹಾಕಲಿಕ್ಕೆ ಬೇಡವಾ? ಎಲ್ಲ ನಾಲ್ಕಕ್ಕೆ ತಾ. ಈ ಖಾಲಿ ಯಾರಿಗೆ?"

ಧನು ಅಂಗಡಿಗೆ ಹೋಗಿ ಫೈಲ್ ತೆಗೆದ. ಖಾಲಿ ಮೂರನ್ನು ಅಳಿಸಿದ. ಏಳರಲ್ಲಿ ಕೊನೆಯ ಸ್ವರ ಒಂದು ಪೆಟ್ಟು ಎಳೆದು ಎಂಟು ಮಾಡಿದ. ನಾಲ್ಕು, ನಾಲ್ಕು. ಅರ್ಧ ಗಂಟೆಯ ಕೆಲಸ.

ಸ್ಪರ್ಧೆಗೆ ಸೇಸಕ್ಕನನ್ನು ಇವನೇ ಕರೆದುಕೊಂಡು ಹೋದದ್ದು. ಹೊಸ ಸೀರೆ ಉಟ್ಟಿದ್ದರು. ಮಕ್ಕಳು ಶುರು ಮಾಡಿದಾಗ ಇವರೂ ತುಟಿ ಅಲ್ಲಾಡಿಸಿದರು. ಸಾಲು ಮುಗಿಯಿತು. ಇವರು ನಿಂತರು... ಮಕ್ಕಳು ನಿಲ್ಲಲಿಲ್ಲ. ಇವರ ತುಟಿ ಅಲ್ಲಿಗೇ ನಿಂತುಹೋಯಿತು. ಹಾಡು ಮುಗಿಯುವ ಮೊದಲೇ ಎದ್ದು ಹೊರಗೆ ಹೋದರು. ಮೊದಲ ಬಹುಮಾನ ಬಂತು. ಕಾರ್ಯಕ್ರಮದ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರು: "ಸಾಹಿತ್ಯ, ಸಂಗೀತ: ನೋಣಯ್ಯ." ಸೇಸಕ್ಕನ ಹೆಸರು ಎಲ್ಲಿಯೂ ಇಲ್ಲ. ಬಸ್ಸಿನಲ್ಲಿ ಅವರು ಧನುವಿನ ಹತ್ತಿರ ಕೂರಲಿಲ್ಲ. ಆಮೇಲೆ ಮಲಗಿದವರು ಏಳಲಿಲ್ಲ. ಹನ್ನೆರಡನೇ ದಿನ ಹೋದರು. ಇವನಿಗೆ ನೋಡಲಿಕ್ಕೆ ಹೋಗುವ ಮುಖ ಇರಲಿಲ್ಲ.

ಈಗ ಬಾವಿಗೆ ಬರುವ.

ಅವನು ಕೇಳಿದ್ದು ಅವರ ದನಿ, ಆದರೆ ಹಾಡು ಇವನು ಕತ್ತರಿಸಿದ್ದು. ನಾಲ್ಕು, ನಾಲ್ಕು, ನಾಲ್ಕು... ಎಲ್ಲಿಯೂ ನಿಲ್ಲುವುದಿಲ್ಲ. ಉಸಿರು ಸಿಗದೆ ಗಂಟಲಿನಲ್ಲಿ ಗೊರ್... ಗೊರ್... ಅಂತ ಶಬ್ದ. ಆದರೂ ಹಾಡು ಮುಂದೆ ಹೋಗ್ತಾ ಉಂಟು.

ಧನು ಮೆಲ್ಲಗೆ ಹೇಳಿದ, "ಸೇಸಕ್ಕ... ನಿಲ್ಲಿಸಿ."

ಕಿವಿಯ ಹತ್ತಿರವೇ ಬಂತಂತೆ ಮಾತು. ಪಿಸುಪಿಸು.

"ಎಲ್ಲಿ ನಿಲ್ಲಿಸಲಿ ಧನು? ಜಾಗ ಎಲ್ಲುಂಟು?"

ಓಡಿದ. ಒಂದು ಚಪ್ಪಲಿ ಅಲ್ಲೇ ಬಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದದ್ದೇ ಫೈಲ್ ತೆಗೆದು ಕೂತ. ನಾಲ್ಕು ಇದ್ದದ್ದನ್ನು ಹತ್ತು ಮಾಡಿದ, ಖಾಲಿ ಮೂರನ್ನು ಪ್ರತಿ ಸಾಲಿಗೂ ಸೇರಿಸಿದ. ಪ್ರಿಂಟ್ ತೆಗೆದು ಮಾಸ್ಟ್ರ ಮನೆಗೆ ಹೋದ.

"ಮಕ್ಕಳು ಹಾಡಿದ್ದು ಕ್ಯಾಸೆಟ್ ಆಗಿ ಆಯ್ತು," ಅಂದರು ಅವರು. "ಇನ್ನು ಯಾರು ಬದಲಿಸ್ತಾರೆ? ಆ ಮುದುಕಿಗೆ ತಾಳವೇ ಗೊತ್ತಿರಲಿಲ್ಲ. ನಾವು ಸರಿ ಮಾಡಿದ್ದು."

"ನಾವು" ಅಂದರಲ್ಲ... ಅದು ಇವನಿಗೆ ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಸುಳ್ಳಲ್ಲ.

ಮತ್ತೆರಡು ರಾತ್ರಿ ಅದೇ ಹಾಡು. ಉಸಿರು ಇನ್ನೂ ಕಡಿಮೆ. ನಾಲ್ಕನೇ ರಾತ್ರಿ ಧನು ವೇಣೂರಿನಿಂದ ಉಮ್ಮರನ ಆಟೋ ಮಾಡಿಕೊಂಡ. ಉಮ್ಮರ್ ಫರಂಗಿಪೇಟೆಯವನು, ಹೆಂಡತಿಯ ಊರು ಅಂತ ಆ ವರ್ಷವೇ ಇಲ್ಲಿಗೆ ಬಂದದ್ದು. ಸೇಸಕ್ಕ ಯಾರು, ಮೋಹಿನಿ ಯಾರು, ಒಂದೂ ಗೊತ್ತಿಲ್ಲ ಅವನಿಗೆ. ಬಾವಿಯ ಹತ್ತಿರ ಆಟೋ ನಿಲ್ಲಿಸು ಅಂದ ಧನು. ಇಂಜಿನ್ ಬಂದ್ ಆಯಿತು. ಉಮ್ಮರ್ ಒಳಗೇ ಕೂತ.

ಧನು ಬಾವಿಕಟ್ಟೆಗೆ ಹೋಗಿ ತಾನೇ ಹಾಡಿದ. ಏಳು ಪೆಟ್ಟು. ನಿಲ್ಲಿಸಿದ. ಗೆಣ್ಣಿನಿಂದ ಕಟ್ಟೆಗೆ ಬಡಿದು ಲೆಕ್ಕ ಹಾಕಿದ. ಟಕ್... ಟಕ್... ಟಕ್. ಮತ್ತೆ ಸಾಲು. ಮತ್ತೆ ಮೂರು. ಹಾಗೆ ಒಂಬತ್ತು ಸಾಲು, ಅಳುತ್ತಾ. ಅವನಿಗೆ ಏನೂ ಕೇಳಲಿಲ್ಲ. ಸೇಸಕ್ಕನ ದನಿಯೂ ಇಲ್ಲ, ಬರೀ ಜೀರುಂಡೆ. ಅವತ್ತಿನಿಂದ ಮುಂದೆಯೂ ಕೇಳಲಿಲ್ಲ. ಕ್ಷಮಿಸಿದರೋ ಇಲ್ಲವೋ, ಅದೂ ಗೊತ್ತಿಲ್ಲ. ಕ್ಯಾಸೆಟ್ಟು ಮಾತ್ರ ಶಾಲೆ ಶಾಲೆಗೆ ಹೋಯಿತು. ಮಕ್ಕಳು ಈಗಲೂ ನಾಲ್ಕರಲ್ಲೇ ಹಾಡುವುದು.

ವಾಪಸು ಬಂದು ಆಟೋದಲ್ಲಿ ಕೂತಾಗ ಉಮ್ಮರ್ ಸ್ಟಾರ್ಟ್ ಮಾಡಲಿಲ್ಲ. ದನಿ ತಗ್ಗಿಸಿ ಕೇಳಿದ.

"ಧನಣ್ಣ... ಯಾರದು, ನೀವು ನಿಲ್ಲಿಸಿದಾಗೆಲ್ಲ ಓ ಅಂದದ್ದು?"

ಧನು ಕೇಳಿದ, "ಮಗುವಾ?"

"ಮಗು ಎಲ್ಲಿಯದ್ದು? ಹೆಂಗಸು. ಮೂವತ್ತು ದಾಟಿದ ದನಿ. ಮೊದಲು ಗದ್ದೆಯ ಆಚೆಯಿಂದ ಬರ್ತಾ ಇತ್ತು... ಆಮೇಲೆ ಹತ್ತಿರ ಹತ್ತಿರ. ಕೊನೆಯದ್ದು ಆ ಮನೆಯ ಒಳಗಿಂದ."

ಉಮ್ಮರ್ ಈಗಲೂ ವೇಣೂರಿನ ಸ್ಟ್ಯಾಂಡಿನಲ್ಲಿದ್ದಾನೆ. ಹೋಗಿ ಕೇಳಿ. ಒಂಬತ್ತು ಸಲ ಅಂತ ಅವನು ಬೆರಳು ಮಡಚಿ ಎಣಿಸಿ ತೋರಿಸ್ತಾನೆ.